ಯಳಂದೂರು ಮಾರ್ಗವಾಗಿ ಒಂದು ಬುಟ್ಟಿ ಗೂಡು

ಹನೂರಿನಿಂದ ಕೊಳ್ಳೇಗಾಲಕ್ಕೆ ಒಂದು ಬುಟ್ಟಿ ರೇಷ್ಮೆಗೂಡು ಸಾಗಿಸುವುದು ಏನು ಮಹಾ ಕೆಲಸ? ಹೊಸ ಸೈಕಲ್ ಇತ್ತು. ಕಾಲಿನಲ್ಲಿ ಕಸುವಿತ್ತು. ಎಲ್ಲಕ್ಕಿಂತ ಮಿಗಿಲಾಗಿ ನನ್ನ ಬಳಿ ನಕ್ಷೆಯಿತ್ತು. ನಾನೇ ಬರೆದ ನಕ್ಷೆ!

ಆಗ ನಾನು ಕೊಳ್ಳೇಗಾಲದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ತಾಲ್ಲೂಕು ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದು ಕೆಲವೇ ವರ್ಷಗಳಾಗಿದ್ದವು. ಕೆಲವು ಮೈಲಿಗಲ್ಲುಗಳ ಮೇಲೆ ತಮಿಳು ಅಕ್ಷರ ಇನ್ನೂ ಪೂರ್ತಿ ಅಳಿಸಿರಲಿಲ್ಲ. ಹೊಸ ರಾಜ್ಯ, ಹೊಸ ಸೈಕಲ್. ಜೊತೆಗೊಂದು ಹೊಸ ನಕ್ಷೆ ಬೇಡವೆ? ಕೊಳ್ಳೇಗಾಲ, ಹನೂರು, ಯಳಂದೂರುಗಳ ನಡುವೆ ಸೈಕಲ್ ಸವಾರರು ಸಂಚರಿಸಬಹುದಾದ ಸಮಸ್ತ ಮಾರ್ಗಗಳನ್ನೂ ಬಣ್ಣದಲ್ಲಿ ತೋರಿಸಿಕೊಡುವುದು ನನ್ನ ಕರ್ತವ್ಯವೆಂದು ತೋರಿತು. ಹಾಗೆಂದು ನನ್ನನ್ನು ಯಾರೂ ಕೇಳಿರಲಿಲ್ಲ. ಡ್ರಾಯಿಂಗ್ ಹಾಳೆಗಳನ್ನು ಅಂಟಿಸಿ ಚಾಪೆಯಷ್ಟು ಅಗಲ ಮಾಡಿದೆ. ಏರಿಗೆ ಕೆಂಪು, ಇಳಿಜಾರಿಗೆ ಹಸಿರು. ಹೋಗಿ ನೋಡದ ದಾರಿಗಳಿಗೆ ಚುಕ್ಕಿ ಸಾಲು. ಚುಕ್ಕಿಗಳೇ ಹೆಚ್ಚಾಗಿದ್ದವು.

ನನ್ನ ಹೆಂಡತಿ ಮಾದೇವಿ ಆ ದಿನಗಳಲ್ಲಿ ಹನೂರಿನ ತವರುಮನೆಯಲ್ಲಿದ್ದಳು. ಅಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಮದುವೆಗೆ ಮುಂಚೆ ಅವಳು ಮುಟ್ಟಿದ ಬೆಳೆಯೊಂದು ರೋಗ ಬಂದು ಹೋಗಿತ್ತಂತೆ. ಅಂದಿನಿಂದ ಅತ್ತೆ, ಮಗಳಿಗೆ ಕೈಗುಣ ಇಲ್ಲವೆಂದು ತೀರ್ಮಾನಿಸಿ ಹುಳುಮನೆಯ ಬಾಗಿಲಿಗೂ ಬಿಟ್ಟಿರಲಿಲ್ಲ. ಈ ಸಲ ಮಾದೇವಿ ಹಟ ಹಿಡಿದು ಸ್ವಲ್ಪ ಹುಳುವನ್ನು ಬೇರೆ ಇಟ್ಟುಕೊಂಡು, ಹಿಪ್ಪುನೇರಳೆ ಸೊಪ್ಪು ಹೆಚ್ಚುವುದರಿಂದ ಗೂಡು ಬಿಡಿಸುವವರೆಗೆ ಒಬ್ಬಳೇ ಮಾಡಿದ್ದಳು. ಅತ್ತೆಯ ಗೂಡು ಬಸ್ಸಿನಲ್ಲಿ ಹೋಗಿ ಮಾರಾಟವಾಗಿತ್ತು. ಮಾದೇವಿಯ ಬುಟ್ಟಿ ಮಾತ್ರ ಉಳಿದಿತ್ತು. ಏಕೆಂದರೆ, 'ನಾನೇ ಸೈಕಲ್ಲಿನಲ್ಲಿ ಬಂದು ಒಯ್ಯುತ್ತೇನೆ' ಎಂದು ಹೇಳಿ ಕಳುಹಿಸಿದ್ದವನು ನಾನು. ಹೇಳಿ ಕಳುಹಿಸಿ ತಡವಾಗಿ ಹೋದವನೂ ನಾನೇ.

"ನೋಡಿ, ಈಗ್ಲೇ ತಡ ಆಗ್ಬುಟ್ಟದೆ," ಎಂದಳು ಮಾದೇವಿ, ಬುಟ್ಟಿಯ ಬಾಯಿಗೆ ಬಟ್ಟೆ ಕಟ್ಟುತ್ತ. "ಒಳಗಿರೋ ಹುಳ ನಿಮ್ಮ ದಾರಿ ಕಾಯ್ಕಂಡು ಕೂತಿರಾಕಿಲ್ಲ. ಚಿಟ್ಟೆಯಾಗಿ ಗೂಡು ತೂತು ಮಾಡ್ಕಂಡು ಈಚೆಗೆ ಬಂದ್ರೆ ನೂಲು ತೆಗೆಯೋಕಾಗಕಿಲ್ಲ. ಸೀದಾ ಮಾರ್ಕೆಟ್ಗೆ ಓಗಿ. ನೂಲು ಬಿಚ್ಚೋರು ಗೂಡ ಕೈಲಿ ಇಡ್ದು ಏನಂತಾರೋ, ಅದ ಬಂದು ನಮ್ಮವ್ವನ ಮುಂದೆ ಏಳಿ. ನಂಗೆ ಇನ್ನೇನೂ ಬ್ಯಾಡ."

"ಅಳಿಮಯ್ಯ, ಇನ್ನೇನು ಬಸ್ ಬತ್ತದೆ," ಎಂದರು ಅತ್ತೆ.

"ಅತ್ತೆ, ಬಸ್ಸು ರಸ್ತೆಯ ಗುಲಾಮ. ಸೈಕಲ್ಲು ಸ್ವತಂತ್ರ!"

ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. ಗೌರವದಿಂದ ಎಂದುಕೊಂಡೆ.

ಕಾಮಗೆರೆಯವರೆಗೆ ಎಲ್ಲವೂ ಸರಿಯಾಗಿತ್ತು. ಅಲ್ಲಿ ಎಡಕ್ಕೆ ಒಂದು ಗಾಡಿಜಾಡು ಹೊರಳುತ್ತಿತ್ತು. ನಕ್ಷೆ ಬಿಚ್ಚಿ ನೋಡಿದೆ. ಚುಕ್ಕಿ ಸಾಲು! ಬೆಟ್ಟದ ತಪ್ಪಲಲ್ಲಿ ಸ್ವಲ್ಪ ದೂರ ಹೋಗಿ, ಬಲಕ್ಕೆ ತಿರುಗಿ, ಮತ್ತೆ ರಸ್ತೆ ಸೇರಿದರೆ ಚುಕ್ಕಿಯನ್ನು ಗೆರೆ ಮಾಡಬಹುದು. ಮಾರ್ಕೆಟ್ಟು ಎಲ್ಲಿಗೆ ಓಡಿಹೋಗುತ್ತದೆ?

ಆ ಜಾಡಿನಲ್ಲಿ ಕಂಡದ್ದನ್ನು ಇದ್ದಂತೆ ಹೇಳಬೇಕು. ಮೊದಲ ದಿಣ್ಣೆ ಹತ್ತಿ ನಿಂತಾಗ ಕೆಳಗೆ ಕೆಂಪು ಹೊಲ, ಹೊಲದ ನಡುವೆ ಹಿಪ್ಪುನೇರಳೆಯ ಹಸಿರು ಪಟ್ಟಿ, ಅದರಾಚೆ ಇನ್ನೊಂದು ದಿಣ್ಣೆ. ಅದನ್ನು ಹತ್ತಿದರೆ ಮತ್ತೊಂದು. ಪ್ರತಿ ದಿಣ್ಣೆಯಿಂದಲೂ ಬಿಳಿಗಿರಿರಂಗನ ಬೆಟ್ಟ ಸ್ವಲ್ಪ ಸ್ವಲ್ಪವೇ ಎದ್ದು ಬರುತ್ತಿತ್ತು. ಮೊದಲು ಬರೀ ನೀಲಿ. ಆಮೇಲೆ ನೀಲಿಯೊಳಗೆ ಮಡಿಕೆ. ಆಮೇಲೆ ಮಡಿಕೆಯೊಳಗೆ ಕಾಡು. ಇಳಿಜಾರಿನಲ್ಲಿ ಪೆಡಲು ತುಳಿಯದೆ ಕುಳಿತರೆ ಸೈಕಲ್ಲಿನ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಇಷ್ಟು ದೊಡ್ಡದರ ಮುಂದೆ ನನ್ನ ಪೆನ್ಸಿಲು ಎಷ್ಟು ಚಿಕ್ಕದು ಎನಿಸಿತು. ಆದರೂ ಪ್ರತಿ ದಿಣ್ಣೆಯಲ್ಲಿ ಇಳಿದು, ನಕ್ಷೆ ಹರಡಿ, ಗೆರೆ ಎಳೆದೆ. ಬಲಕ್ಕೆ ತಿರುಗುವುದು ಮರೆತುಹೋಯಿತು.

ಕೊನೆಯ ಇಳಿಜಾರಿನಲ್ಲಿ ಮುಂದಿನ ಚಕ್ರ ಗಾಡಿಜಾಡಿನ ಕೊರಕಲಿಗೆ ಇಳಿಯಿತು. ನಾನು ಲಂಟಾನ ಪೊದೆಗೆ ಇಳಿದೆ. ಬುಟ್ಟಿಗೆ ಏನೂ ಆಗಲಿಲ್ಲ. ರಿಮ್ಮು ಮಾತ್ರ ಹಪ್ಪಳದ ಹಾಗೆ ಸೊಟ್ಟಗಾಯಿತು. ಎದುರಿಗೆ ಕುರಿ ಹೊಡೆದುಕೊಂಡು ಬರುತ್ತಿದ್ದವನನ್ನು ಕೇಳಿದೆ: "ಕೊಳ್ಳೇಗಾಲ ಎಷ್ಟು ದೂರಪ್ಪಾ?"

"ಕೊಳ್ಳೇಗಾಲ್ವಾ? ಇದು ಯಳಂದೂರ್ ದಾರಿ ಕಣ್ ಸಾ. ಸೈಕಲ್ ತಳ್ಕಂಡು ಎಲ್ಲಿಂದ ಬಂದ್ರಿ?"

ಹನೂರು ಎಂದೆ. ಅವನು ನನ್ನನ್ನು ಬಿಟ್ಟು ಕುರಿಗಳ ಕಡೆ ನೋಡಿದ. ಅವುಗಳಿಗಾದರೂ ಅರ್ಥವಾದೀತೇ ಎಂಬಂತೆ.

ಯಳಂದೂರಿನಲ್ಲಿ ನನ್ನ ಅಕ್ಕನ ಮನೆ. ಸೈಕಲ್ ಶಾಪಿನವನು ಚಕ್ರವನ್ನು ತಿರುಗಿಸಿ ನೋಡಿ, ನಾಳೆ ಸಂಜೆ ಕೊಡುತ್ತೇನೆ ಎಂದ.

"ನಾಳೆ ಬೆಳಿಗ್ಗೆ ಬಸ್ಸಿಗೆ ಬುಟ್ಟಿ ಆಕ್ಕಂಡು ಓಗ್ಲಾ!" ಎಂದಳು ಅಕ್ಕ.

"ಅಕ್ಕಾ, ನಕ್ಷೆ ಬರೆದವನು ಬಸ್ಸಿನಲ್ಲಿ ಹಿಂದಿರುಗಿದರೆ ಆ ನಕ್ಷೆಗೆ ಏನು ಮರ್ಯಾದೆ?"

"ನಕ್ಸೆ ಮರ್ಯಾದೆ ಇರ್ಲಿ, ಮಾದೇವಿಗೆ ಏನೇಳೀಯ? ಓಗ್ಲಿ, ಗೂಡ ಬುಟ್ಟೀಲಿ ತುಂಬಿಡ್ಬ್ಯಾಡ. ಬೆವರ್ತವೆ. ಅಗ್ಲವಾಗಿ ಅರಡು."

ಮನೆಯಲ್ಲಿ ಅಷ್ಟು ಅಗಲದ್ದು ಒಂದೇ ಇತ್ತು. ನಡುಕೋಣೆಯಲ್ಲಿ ನಕ್ಷೆ ಹಾಸಿ, ಅದರ ಮೇಲೆ ಗೂಡು ಹರಡಿದೆ.

ಮರುದಿನ ಸೈಕಲ್ ಕಾಯುವುದರಲ್ಲಿ ಹೋಯಿತು. ಅದರ ಮರುದಿನ ಬೆಳಗಾಗುತ್ತಲೇ ಅಕ್ಕ ಕೂಗಿದಳು: "ಲೋ, ಎದ್ದೇಳ್ಲಾ! ನಿನ್ನ ಗೂಡ್ನೊಳಗೆ ಏನೋ ಸರಬರ ಅಂತದೆ!"

ಹೋಗಿ ನೋಡಿದೆ. ಮೊದಲು ಒಂದು ಗೂಡಿನ ತುದಿ ಒದ್ದೆಯಾಯಿತು. ಯಾರೋ ಒಳಗಿನಿಂದ ಉಗುಳು ಹಚ್ಚಿದಂತೆ. ಎಳೆಗಳು ಸಡಿಲವಾದವು. ಒಂದು ತಲೆ ಬಂತು; ಬಾಚಣಿಗೆಯಂಥ ಎರಡು ಮೀಸೆ ಬಂದವು; ಮುಂಗಾಲುಗಳು ಅಂಚನ್ನು ಹಿಡಿದವು. ನಿಂತಿತು. ಮತ್ತೆ ಎಳೆಯಿತು. ಹೊರಬಿದ್ದಾಗ ರೆಕ್ಕೆ ಒದ್ದೆ ಬಟ್ಟೆಯಂತೆ ಮುದುಡಿತ್ತು. ನೋಡುತ್ತಿದ್ದಂತೆ ಅದು ಒಣಗಿ, ಅಗಲವಾಗಿ, ಕೆನೆಯ ಬಣ್ಣಕ್ಕೆ ತಿರುಗಿತು. ಅಷ್ಟರಲ್ಲಿ ಅದರ ಪಕ್ಕದ ಗೂಡು ಒದ್ದೆಯಾಯಿತು. ಅದರಾಚೆಯದೂ ಒದ್ದೆಯಾಯಿತು. ಬಿಸಿಲು ಒಳಗೆ ಬರುವಷ್ಟರಲ್ಲಿ ನಕ್ಷೆಯ ತುಂಬ ರೆಕ್ಕೆಗಳು ನಡುಗುತ್ತಿದ್ದವು. ಹಾರಲಿಲ್ಲ. ಅವಕ್ಕೆ ಹಾರಲು ಬರುವುದಿಲ್ಲ. ಬರೀ ನಡುಗುತ್ತಿದ್ದವು, ತೆವಳುತ್ತ ಜೊತೆ ಹುಡುಕುತ್ತಿದ್ದವು.

ನಾನು ಮಾಡಬೇಕಾದ್ದು ಬಹಳವಿತ್ತು. ಒಡೆಯದ ಗೂಡನ್ನಾದರೂ ಆರಿಸಿಕೊಂಡು ಬಸ್ಸಿಗೆ ಓಡಬಹುದಿತ್ತು. ಮಾಡಲಿಲ್ಲ. ಚಕ್ಕಂಬಕ್ಕಲ ಹಾಕಿ ಕುಳಿತು ನೋಡಿದೆ. ಬೈಯಲು ಬಂದ ಅಕ್ಕನೂ ಪೊರಕೆ ಹಿಡಿದೇ ಕುಳಿತಳು. "ಶಿವನೇ," ಎಂದಳು. ಅಡುಗೆ ಆಗಲಿಲ್ಲ. ಭಾವ ಬಂದು, ಇಬ್ಬರನ್ನೂ ನೋಡಿ, ಹೋಟೆಲಿಗೆ ಹೋದರು.

ಸಂಜೆಗೆ ಹೆಣ್ಣುಗಳು ಮೊಟ್ಟೆಯಿಡತೊಡಗಿದವು. ಸಾಸಿವೆಗಿಂತ ಸಣ್ಣ, ನಸುಹಳದಿ ಮೊಟ್ಟೆ, ಒತ್ತೊತ್ತಾಗಿ. ನನ್ನ ಏರು, ಇಳಿಜಾರು, ಹೊಸದಾಗಿ ಎಳೆದ ಗೆರೆ, ಯಾವುದನ್ನೂ ಬಿಡಲಿಲ್ಲ. ಕೊಳ್ಳೇಗಾಲವಂತೂ ಪೂರ್ತಿ ಮುಚ್ಚಿಹೋಯಿತು. ನಾನು ತಲುಪಲಾರದ ಊರನ್ನು ಅವು ಕುಳಿತಲ್ಲೇ ತಲುಪಿದ್ದವು!

ಮರುದಿನ ಗೂಡು ಮತ್ತು ಚಿಟ್ಟೆಗಳನ್ನು ಬುಟ್ಟಿಗೆ ತುಂಬಿ, ಮೊಟ್ಟೆ ಉಜ್ಜದಂತೆ ನಕ್ಷೆಯನ್ನು ಸಡಿಲವಾಗಿ ಸುತ್ತಿ, ಸಾಕ್ಷಿಗೆ ಬೇಕಾದೀತೆಂದು ಜೊತೆಗಿಟ್ಟುಕೊಂಡು ಕೊಳ್ಳೇಗಾಲಕ್ಕೆ ತುಳಿದೆ. ಈ ಸಲ ಎಲ್ಲೂ ತಿರುಗಲಿಲ್ಲ. ತಿರುಗಿದ್ದರೆ ಚೆನ್ನಾಗಿತ್ತು. ಮಾರ್ಕೆಟ್ಟಿನ ಬಾಗಿಲಲ್ಲೇ ಮಾದೇವಿ ಮತ್ತು ಅತ್ತೆ ನಿಂತಿದ್ದರು. ಬಸ್ಸಿನಲ್ಲಿ ಬಂದಿದ್ದರು!

"ಆನೆ ತುಳ್ದಾಕ್ತೋ ಏನೋ ಅಂತ ಜೀವ ಕೈಲಿಡ್ಕಂಡು ಬಂದ್ವಿ," ಎಂದಳು ಮಾದೇವಿ. ಕಣ್ಣು ಕೆಂಪಾಗಿತ್ತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪೂರ್ತಿ ಇದ್ದೇನೆಂದು ಖಾತ್ರಿ ಮಾಡಿಕೊಂಡು, ಬುಟ್ಟಿಯ ಬಟ್ಟೆ ಬಿಚ್ಚಿದಳು. ಒಂದು ಚಿಟ್ಟೆ ಅವಳ ಬಳೆಯ ಮೇಲೆ ಹತ್ತಿತು. ಅವಳು ಅದನ್ನು ಮೆಲ್ಲಗೆ ಬಿಡಿಸಿ ಬುಟ್ಟಿಗೆ ಬಿಟ್ಟಳು. ಅದೇ ಭಯವಾಯಿತು.

ಗಟ್ಟಿ ಗಂಟಲಿನ ನೂಲು ಬಿಚ್ಚುವವನೊಬ್ಬ ಬಂದು ಇಣುಕಿದ. "ಏನ್ ಸಾ, ಗೂಡು ತರೋ ಜಾಗ್ದಲ್ಲಿ ಸಂಸಾರನೇ ತಂದ್ಬುಟ್ಟಿದ್ದೀರಿ!"

ಮಾರ್ಕೆಟ್ಟಿಗೆ ಮಾರ್ಕೆಟ್ಟೇ ನಕ್ಕಿತು. ಅವನೂ ನಗುತ್ತಲೇ ಒಂದು ತೂತುಗೂಡನ್ನು ಎತ್ತಿಕೊಂಡ. ಅದುಮಿದ. ನಗು ನಿಲ್ಲಿಸಿ ಇನ್ನೊಂದು ಎತ್ತಿಕೊಂಡ, ಬೆಳಕಿಗೆ ಹಿಡಿದ.

"ಅಯ್ಯೋ, ಎಂಥಾ ಗೂಡ ಆಳ್ಮಾಡುದ್ರಿ! ತೂತಾಗಿದ್ರೂವೆ ಕಲ್ಲಂಗದೆ. ಯಾರವ್ವ ಬೆಳ್ದೋರು? ಒಳ್ಳೆ ಕೈ ಕಣವ್ವ ಇದು."

ಮಾದೇವಿ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮುಂದೆ ಬಂದರು. "ನನ್ ಮಗ್ಳು ಕಣಪ್ಪ. ನಾನೇ ಕಲ್ಸಿದ್ದು!"

"ಇವ್ರು?"

"ನನ್ನಳಿಯ. ಇವ್ರಿಗೆ ಯಾರು ಕಲ್ಸಿದ್ರೋ ಗೊತ್ತಿಲ್ಲ."

ಆಗ ಮಾದೇವಿ ನಕ್ಕಳು. ನಕ್ಕದ್ದೇ ಅವಕಾಶವೆಂದು ನಕ್ಷೆ ಬಿಚ್ಚಿ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. ನನ್ನ ಗೆರೆಗಳನ್ನಲ್ಲ.

ನಕ್ಷೆಯನ್ನು ಅವಳು ಕೊಳ್ಳೇಗಾಲದ ನಮ್ಮ ಮನೆಗೆ ತಂದು ನೆರಳಿನಲ್ಲಿ ತೂಗುಹಾಕಿದಳು. ಕೆಲವು ದಿನಗಳ ಮೇಲೆ ಮೂರೂ ಊರುಗಳು ಕಪ್ಪಗಾಗಿ, ಆಮೇಲೆ ಮೊಟ್ಟೆಯೊಡೆದು ಹರಿದಾಡತೊಡಗಿದವು. ನನ್ನ ನಕ್ಷೆಯ ಮೇಲೆ ಸಂಚರಿಸಿದ ಮೊದಲ ಪ್ರಯಾಣಿಕರು ಅವರೇ, ಕೊನೆಯವರೂ ಅವರೇ. ಆ ಮರಿಗಳು ಬೆಳೆದು ಕಟ್ಟಿದ ಗೂಡನ್ನು ಮಾದೇವಿ ತಾನೇ ತಲೆಯ ಮೇಲೆ ಹೊತ್ತು ಮಾರ್ಕೆಟ್ಟಿಗೆ ಹೋದಳು.

ಸೈಕಲ್ಲಿಗೂ ಒಂದು ಕೆಲಸ ಕೊಟ್ಟಳು: ಗುತ್ತಿಗೆಗೆ ಹಿಡಿದ ಹಿಪ್ಪುನೇರಳೆ ತೋಟದಿಂದ ಮನೆಗೆ ಸೊಪ್ಪು ತರುವುದು. ಕೂಗಿದರೆ ಕೇಳುವಷ್ಟು ದೂರ. ನಡುವೆ ಒಂದೇ ಒಂದು ಕವಲಿದೆ.

ನಾನು ಅದನ್ನು ದಾಟುವವರೆಗೂ ಅವಳು ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾಳೆ.