ಲ್ಯಾಪ್‌ಟಾಪಿಗೆ ಬಂದ ಶ್ರಾವಣ

ಇಂಟರ್ನೆಟ್ ಕೈಕೊಟ್ಟಾಗ ಪರದೆಯ ಮೇಲೆ ಬರೆದದ್ದನ್ನು ಓದುವವನು ಪಾಮರ. ಓದದೆಯೇ ರಿಪೇರಿಗೆ ಇಳಿಯುವವನು ಪಂಡಿತ. ಸರಗೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಲೆಕ್ಕದ ಮೇಷ್ಟ್ರಾಗಿರುವ ನಾನು ಪಂಡಿತರ ಸಾಲಿನವನು.

ಅಂದು ನನ್ನಾಕೆ ಪುಷ್ಪಾಳ ಬಿ.ಎ. ಅರ್ಜಿಗೆ ಕೊನೆಯ ದಿನ. ಮದುವೆಯಿಂದ ನಿಂತುಹೋಗಿದ್ದ ಓದು. ಗಡುವು ಸಂಜೆ ಐದು; ಆಗಲೇ ನಾಲ್ಕು. ಹೊಸ ಲ್ಯಾಪ್‌ಟಾಪಿನಲ್ಲಿ ಯಾವ ಪುಟ ತೆರೆದರೂ ಕೆಂಪು ತ್ರಿಕೋನ.

"ರೀ, ಅದೇನೋ ಬರ್ದೈತೆ, ಓದಿ."

"ಅದು ಹಂಗೇ ಕಣೇ, ನೀನು ಸುಮ್ನಿರು" ಎಂದು ರೂಟರಿನ ವೈರು ಕಿತ್ತೆ, ನೂರು ಎಣಿಸಿದೆ, ಚುಚ್ಚಿದೆ. ಅದೇ ತ್ರಿಕೋನ. ಬ್ರೌಸರಿನ ಇತಿಹಾಸ ಅಳಿಸಿದೆ (ಹೊಸದಕ್ಕೆ ಇನ್ನೂ ಇತಿಹಾಸವೇ ಇರಲಿಲ್ಲ, ಅದು ಬೇರೆ ಮಾತು). ಹಿತ್ತಿಲಲ್ಲಿ ಕೇಬಲ್ಲಿಗೆ ಒರಗಿದ್ದ, ಕಾಯಿ ತುಂಬಿದ ನುಗ್ಗೆಯ ಕೊಂಬೆಯನ್ನೂ ಕಡಿದೆ. ನಾಲ್ಕೂವರೆ. ಕಡೆಗೆ ಕಂಪನಿಗೆ ಫೋನ್ ಮಾಡಿದರೆ "ಲೈನ್ ಸರಿಯಾಗೇ ಇದೆ ಸಾರ್" ಎಂದರು. ಶುದ್ಧ ಸುಳ್ಳು ಎಂದು ಬೈದೆ.

ತಿರುಗಿದರೆ ಪುಷ್ಪಾ ಕನ್ನಡಕ ಏರಿಸಿ ಓದುತ್ತಿದ್ದಳು. "'ನಿಮ್ಮ ಗಡಿಯಾರ ಮುಂದಿದೆ' ಅಂತೈತೆ ಕಣ್ರೀ. ತಾರೀಖು ನೋಡಿ! ಈಗಿನ್ನೂ ಆಷಾಢ, ಇದ್ರಲ್ಲಿ ಯಾಕೆ ಶ್ರಾವಣ ಬಂದ್ಬುಟ್ಟದೆ?"

ಆಷಾಢದಲ್ಲಿ ಹೊಸ ವಸ್ತು ಶುರು ಮಾಡಬಾರದೆಂದು ಮೊನ್ನೆ ನಾನೇ ಗುಟ್ಟಾಗಿ ತಾರೀಖನ್ನು ಶ್ರಾವಣದ ಮೊದಲ ಶುಕ್ರವಾರಕ್ಕೆ ತಳ್ಳಿ, ಊದುಬತ್ತಿ ಬೆಳಗಿ, ಲ್ಯಾಪ್‌ಟಾಪಿನ ಪ್ರಾಣಪ್ರತಿಷ್ಠಾಪನೆ ನೆರವೇರಿಸಿದ್ದೆ. ದೇವರು ನಂಬಿದ್ದ, ಇಂಟರ್ನೆಟ್ ನಂಬಲಿಲ್ಲ.

ಅವಳು ತಾರೀಖನ್ನು ಹಿಂದಕ್ಕೆ ತಂದಳು. ಪುಟ ತೆರೆಯಿತು. ಐದಕ್ಕೆ ಎಂಟು ನಿಮಿಷವಿದ್ದಾಗ ಅರ್ಜಿ ಹೋಯಿತು.

ಮದುವೆಯಾದ ಹೊಸದರಲ್ಲಿ ಅವಳು ಓದುತ್ತೇನೆ ಎಂದಾಗ "ಒಳ್ಳೇ ದಿನ ಬರಲಿ" ಎಂದಿದ್ದವನು ನಾನೇ. ಹದಿನೆಂಟು ಶ್ರಾವಣ ಬಂದು ಹೋದವು. ಲ್ಯಾಪ್‌ಟಾಪಿಗಾಗಿ ಎಳೆದು ತಂದಂತೆ ಅವಳಿಗಾಗಿ ಒಂದನ್ನೂ ನಾನು ಎಳೆದು ತಂದಿರಲಿಲ್ಲ.

ತಾರೀಖು ತಳ್ಳಿದ ಗುಟ್ಟನ್ನು ಒಪ್ಪಿಕೊಂಡು "ತಪ್ಪಾಯ್ತು ಕಣೇ" ಎಂದೆ.

"ಬುಡಿ. ಆಷಾಢದ ಮೇಲೆ ಅಷ್ಟು ಭಕ್ತಿ ಇದ್ರೆ ಶಾಸ್ತ್ರ ಪೂರ್ತಿನೇ ಮಾಡವ. ಈ ತಿಂಗಳು ಹೆಂಡ್ತಿ ತೌರಲ್ಲಿರ್ಬೇಕು. ನಾಳೆ ಬೆಳಿಗ್ಗೆ ಬಸ್ಸಿಗೆ ಭೇರ್ಯಕ್ಕೆ ಓಯ್ತೀನಿ, ಓದ್ಕಂಡು ಶ್ರಾವಣಕ್ಕೆ ಬತ್ತೀನಿ."

"ಅದು ಹೊಸ ಮದುವೆಯೋರಿಗೆ ಕಣೇ! ಶ್ರಾವಣಕ್ಕಿನ್ನೂ ಇಪ್ಪತ್ತು ದಿನ ಐತೆ. ಊಟಕ್ಕೇನು ಮಾಡ್ಲಿ?"

ಅವಳು ಹಿತ್ತಿಲ ಕಡೆ ನೋಡಿದಳು.

"ಒಂದು ಹೊರೆ ನುಗ್ಗೇಕಾಯಿ ಕಡ್ದು ಆಕಿದ್ದೀರಲ್ಲ."