ನಡುವಿನ ಡಬ್ಬಿ

ಮಧ್ಯಾಹ್ನ ನಾಲ್ಕು ಗಂಟೆಯೊಳಗೆ ಮನೆಯ ಇಂಟರ್‌ನೆಟ್ಟಿಗೆ ಮೋಕ್ಷ ಕೊಡಿಸುವುದಾಗಿ ವಿಶ್ವನಾಥರು ಬೆಳಗಿನ ಚಹಾದ ಹೊತ್ತಿಗೇ ಸಾರಿದ್ದರು. ಸೊಲ್ಲಾಪುರದ ಅವರ ಮನೆಯ ಗೋಡೆಗಳು ಎಷ್ಟು ದಪ್ಪವೆಂದರೆ, ಮೊಬೈಲಿನ ಸಿಗ್ನಲ್ಲು ಚಪ್ಪಲಿಗಳ ಜೊತೆ ಹೊಸ್ತಿಲಲ್ಲೇ ಉಳಿದುಬಿಡುತ್ತಿತ್ತು. ಇದ್ದ ವೈಫೈಗೋ ಎರಡು ಡಬ್ಬಿ: ಕಂಪನಿಯವರು ಕೊಟ್ಟದ್ದೊಂದು, ವಿಶ್ವನಾಥರು ತಂದ ಹೊಸ ರೌಟರ್ ಇನ್ನೊಂದು. ಎರಡೂ ಯಜಮಾನಿಕೆಗೆ ಜಗಳಾಡಿ ವಿಡಿಯೋ ಕಾಲುಗಳ ಕತ್ತು ಹಿಸುಕುತ್ತಿದ್ದವು. ಇಂದು ನಾಲ್ಕಕ್ಕೆ ಹೆಂಡತಿ ಮುಕ್ತಾ ನಾಶಿಕದ ವ್ಯಾಪಾರಿಗೆ ಚಾದರಗಳನ್ನು ತೋರಿಸಬೇಕಿತ್ತು. ಅವಳ ಹೊಸ ವ್ಯಾಪಾರಕ್ಕೆ ಅವನೇ ಮೊದಲ ದೊಡ್ಡ ಗಿರಾಕಿ.

“ಇದಕ್ಕ ಐಪಿ ಪಾಸ್‌ಥ್ರೂ ಅಂತಾರ,” ಎಂದು ವಿಶ್ವನಾಥರು ಉಪದೇಶಿಸಿದರು. “ನಡುವಿನ ಡಬ್ಬಿ ಬಾಯಿ ಹಾಕಬಾರ್ದು. ಬಂದದ್ದನ್ನ ಬಂದಂಗ ಮುಂದ ದಾಟಿಸಿ ಸುಮ್ಮನ ಕುಂಡ್ರಬೇಕು.”

“ಅದಕ್ಕ ಕಲಿಸೂದೇನೈತ್ರಿ? ನಿಮ್ಮನ್ನ ನೋಡಿ ಕಲೀಲಿ,” ಎಂದಳು ಮುಕ್ತಾ.

ಮಾತು ಸುಳ್ಳಲ್ಲ. ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಎಷ್ಟು ಎಂಬ ವಾದ ದೀಪಾವಳಿಯಲ್ಲಿ ತೀರ್ಮಾನವಾಗದೆ ಉಳಿದಂದಿನಿಂದ ಅತ್ತೆ ದ್ವಾರಕಾಬಾಯಿಯೂ ಸೊಸೆಯೂ ನೇರ ಮಾತು ಬಿಟ್ಟಿದ್ದರು. ಅತ್ತಿತ್ತಲ ಟಪಾಲೆಲ್ಲ ವಿಶ್ವನಾಥರ ಮೂಲಕವೇ.

ಹೊಸ ರೌಟರಿಗೆ ಅವರು ಕುಂಕುಮ ಹಚ್ಚಿ, ಅಂಗಡಿಗೆ ಇಡುವಂತೆ, ತಾಯಿಯ ಹೆಸರನ್ನೇ ಇಟ್ಟಿದ್ದರು. ‘ಯಾರಿಗೆ ದಾಟಿಸಲಿ?’ ಎಂದು ಕಂಪನಿ ಡಬ್ಬಿಯ ಸೆಟ್ಟಿಂಗಿನ ಪುಟ ಕೇಳಿದಾಗ ಭಕ್ತಿಯಿಂದ ‘ದ್ವಾರಕಾ’ ಒತ್ತಿದರು. ತಾಯಿಯ ಮೊಬೈಲಿಗೂ ಹಿಂದೊಮ್ಮೆ ತಾವೇ ಅದೇ ನಾಮಕರಣ ಮಾಡಿದ್ದು ಮಾತ್ರ ನೆನಪಾಗಲಿಲ್ಲ.

ಮನೆಯ ನೆಟ್ಟೆಲ್ಲ ಗಂಗೆಯಂತೆ ತಾಯಿಯ ಮೊಬೈಲೆಂಬ ಒಂದೇ ಜಟೆಯನ್ನು ಸೇರಿತು! ಮುಕ್ತಾಳ ಫೋನಿನಲ್ಲಿ ಚಕ್ರ ತಿರುಗತೊಡಗಿತು. ಒಳಕೋಣೆಯಲ್ಲಿ ದ್ವಾರಕಾಬಾಯಿ, ವಿಡಿಯೋ ಕಾಲಿನಲ್ಲಿ ಮೈಂದರ್ಗಿಯ ತಂಗಿಯ ಮುಖ ಇಷ್ಟು ಸ್ವಚ್ಛವಾಗಿ ಎಂದೂ ಕಂಡಿರಲಿಲ್ಲವೆಂದು ಹಿಗ್ಗುತ್ತಿದ್ದರು. ತಪ್ಪನ್ನು ತಿದ್ದೋಣವೆಂದರೆ ಸೆಟ್ಟಿಂಗಿನ ಪುಟ ವಿಶ್ವನಾಥರಿಗೆ ಬಾಗಿಲನ್ನೇ ತೆರೆಯಲಿಲ್ಲ.

ಅವ್ವನ ಫೋನು ಕೇಳಿಕೊಂಡು ಬರುತ್ತೇನೆಂದು ಅವರು ಎದ್ದರು.

“ನೀವು ಹೋಗಿ, ಕೇಳಿ, ಬಂದು ಹೇಳೂದ್ರಾಗ ಗಿರಾಕಿ ಹೋಗ್ತಾನ,” ಎಂದ ಮುಕ್ತಾ ಚಾದರಗಳನ್ನು ಹೊತ್ತು ತಾನೇ ಒಳನಡೆದಳು. “ಆತ್ಯಾ, ನಿಮ್ಮ ಫೋನ್ ಬೇಕಾಗೇತ್ರಿ.”

ದ್ವಾರಕಾಬಾಯಿ ಸೊಸೆಯನ್ನು ನೋಡಿದರು, ಚಾದರಗಳನ್ನು ನೋಡಿದರು.

“ಫೋನ್ ನಾ ಹಿಡೀತೀನಿ. ನೀ ಚಾದರ ಹಿಡಿ.”

ಮುಕ್ತಾ ವ್ಯಾಪಾರಿಗೆ ಕಾಲ್ ಹಚ್ಚಿಕೊಟ್ಟು ಚಾದರಗಳನ್ನು ಒಂದೊಂದಾಗಿ ಬಿಡಿಸಿದಳು. ಅತ್ತೆ ಶುದ್ಧ ಮರಾಠಿಯಲ್ಲಿ ನೇಯ್ಗೆಯನ್ನು ಕೊಂಡಾಡಿದರು; ತಮ್ಮ ಮದುವೆಯ ಚಾದರ ಇಂದಿಗೂ ಹರಿದಿಲ್ಲವೆನ್ನುತ್ತ, ಸಾಕ್ಷಿಗೆಂದು ಮಂಚದತ್ತಲೇ ಫೋನು ತಿರುಗಿಸಿದರು. ವ್ಯಾಪಾರಿ ಕೇಳಬಂದದ್ದರ ಇಮ್ಮಡಿ ಬೇಕೆಂದ.

ಸಂಜೆ ಕಂಪನಿಯವರನ್ನು ಕರೆಸಿ ಎಲ್ಲವನ್ನೂ ಮೊದಲಿನಂತೆ ಮಾಡಿಸಿ ವಿಶ್ವನಾಥರು ಅಡುಗೆಮನೆಗೆ ಬಂದರೆ, ಇಬ್ಬರೂ ಶೇಂಗಾದ ಒಂದೇ ಮೊರದ ಮುಂದೆ ಕುಳಿತು ನಗುತ್ತಿದ್ದರು. ಏನು ವಿಷಯವೆಂದು ಕೇಳಿದರು.

“ನಡುವಿನ ಡಬ್ಬಿ ಬಾಯಿ ಹಾಕಬಾರ್ದಂತ ನೀವ ಹೇಳಿದ್ರಲ್ಲ?” ಎಂದಳು ಮುಕ್ತಾ.

“ಹೌದಪಾ, ಸುಮ್ಮನ ಕುಂಡ್ರು,” ಎಂದ ತಾಯಿ, ಸುಲಿಯಲೆಂದು ಸೊಸೆ ಕೊಟ್ಟ ಬೆಳ್ಳುಳ್ಳಿಯ ಬುಟ್ಟಿಯನ್ನು ಬಂದಂತೆಯೇ ಅವರ ಮುಂದಕ್ಕೆ ದಾಟಿಸಿದರು.