ಮನೆಯಾಕೆ ಕರೆಯದ ಹೆಸರು

ತಪ್ಪು ಉಚ್ಚಾರಣೆ ಕಿವಿಗೆ ಬಿದ್ದರೆ ಕೆಲವರಿಗೆ ಏನೂ ಆಗುವುದಿಲ್ಲ. ಅವರು ಪುಣ್ಯವಂತರು, ಉಂಡದ್ದು ಅರಗುತ್ತದೆ, ಮಲಗಿದರೆ ನಿದ್ದೆ ಬರುತ್ತದೆ. ನಾನು ಆ ಪೈಕಿಯವನಲ್ಲ. ಮದುವೆಮನೆಯ ಮೈಕಿನಲ್ಲಿ ಯಾರಾದರೂ ‘ತಮಗೆಲ್ಲ ಆರ್ದಿಕ ಸ್ವಾಗತ’ ಎಂದರೆ ಸಾಕು, ಎಲೆಯ ಮುಂದೆ ಕೂತ ನನ್ನ ಕೈ ತುತ್ತಿನ ಸಮೇತ ಅಲ್ಲೇ ನಿಂತುಬಿಡುತ್ತದೆ. ಪಕ್ಕದವರು, “ಕಲ್ಲು ಸಿಕ್ತೇನ್ರಿ?” ಎಂದು ಕೇಳುತ್ತಾರೆ. ಕಲ್ಲು ಸಿಕ್ಕಿದ್ದಲ್ಲ, ಹಕಾರ ಸಿಗಲಿಲ್ಲ ಎಂದು ಹೇಳಿದರೆ ಮುಂದಿನ ಮದುವೆಯಲ್ಲಿ ಅವರು ನನ್ನ ಪಕ್ಕ ಕೂರುವುದಿಲ್ಲ.

ತೊಂಬತ್ತರ ದಶಕದಲ್ಲಿ ಚಳ್ಳಕೆರೆಯಲ್ಲಿ ನನ್ನದೊಂದು ಚಿಕ್ಕ ಪ್ರೆಸ್ಸು ಇತ್ತು. ಮನೆಯ ಮುಂದಿನ ಕೋಣೆಯೇ ಪ್ರೆಸ್ಸು, ಹಿಂದಿನದು ಸಂಸಾರ. ಒಂದೊಂದೇ ಅಕ್ಷರದ ಮೊಳೆ ಜೋಡಿಸಿ ಎಣ್ಣೆ ಮಿಲ್ಲಿನವರಿಗೆ ರಸೀದಿ ಪುಸ್ತಕ, ಊರವರಿಗೆ ಲಗ್ನಪತ್ರಿಕೆ ಅಚ್ಚು ಹಾಕಿಕೊಡುತ್ತಿದ್ದೆ. ಅಚ್ಚು ಹಾಕುವುದಕ್ಕಿಂತ ತಿದ್ದುವುದರಲ್ಲೇ ನನಗೆ ಆಸಕ್ತಿ ಜಾಸ್ತಿ. ಒಮ್ಮೆ ತಳಕಿನ ಕಡೆಯವರೊಬ್ಬರು ಮಗನ ಹೆಸರನ್ನು ‘ವಿಗ್ನೇಶ’ ಎಂದು ಬರೆದು ತಂದಿದ್ದರು. ನಾನು ವಿಘ್ನೇಶ ಎಂದು ಮಾಡಿದೆ. “ನಮ್ ಹುಡುಗನ ಹೆಸ್ರು ನಮಗೆ ಗೊತ್ತಿಲ್ವೇನ್ರಿ?” ಎಂದರು. ಗಣಪತಿಗೆ ಗೊತ್ತಿರುವ ಹೆಸರು ಇದು ಎಂದು ನಾನು ಹಟ ಹಿಡಿದೆ. ಅವರು ಎದ್ದು ಬೇರೆ ಪ್ರೆಸ್ಸಿಗೆ ಹೋದರು. ಅಲ್ಲಿ ಹೆಸರು ತಪ್ಪಾಗಿಯೂ ಮದುವೆ ಸರಿಯಾಗಿಯೂ ಆಯಿತು.

ಹೀಗೆ ಊರಿನ ಹೆಸರನ್ನೆಲ್ಲ ತಿದ್ದುವವನ ಹೆಸರನ್ನೇ ಊರು ಸರಿಯಾಗಿ ಕರೆಯುತ್ತಿರಲಿಲ್ಲ. ನನ್ನ ಹೆಸರು ಫಾಲಾಕ್ಷ. ಹಣೆಯಲ್ಲಿ ಕಣ್ಣುಳ್ಳವನು ಎಂದರ್ಥ. ಇರುವ ಎರಡು ಕಣ್ಣಿಗೇ ದಪ್ಪ ಗಾಜಿನ ಕನ್ನಡಕ ಬೇಕಾಗಿದೆ, ಆ ಮಾತು ಬೇರೆ. ಮೊದಲಕ್ಷರಕ್ಕೆ ಎರಡು ತುಟಿ ಸೇರಿಸಿ ಉಸಿರು ಚಿಮ್ಮಿಸಬೇಕು, ಕೊನೆಗೆ ಕ್ಷ ಎಂದು ಮುಗಿಸಬೇಕು. ಇದೇನು ಮಹಾ ಕಷ್ಟ? ಆದರೆ ನಮ್ಮವ್ವ ‘ಪಾಲಾಕ್ಸಿ’ ಎನ್ನುತ್ತಿದ್ದಳು. ಮಾರ್ಕೆಟ್ಟಿನ ಸಾಬರಿಗೆ ನಾನು ‘ಪಾಲಕ್ ಭಾಯ್’. ಕಾಲೇಜು ಮೆಟ್ಟಿಲು ಹತ್ತಿದವರು ಕೆಳತುಟಿಯನ್ನು ಹಲ್ಲಿಗೆ ಕೊಟ್ಟು, ಫ್ಯಾನು ಫೋನುಗಳ ಸಾಲಿಗೆ ನನ್ನನ್ನೂ ಸೇರಿಸುತ್ತಿದ್ದರು.

ಸರಿಯಾಗಿ ಕರೆಯಬಲ್ಲ ಬಾಯಿಯೊಂದು ಮನೆಯಲ್ಲೇ ಇತ್ತು. ಅದು ಕರೆಯುತ್ತಿರಲಿಲ್ಲ. ನನ್ನ ಹೆಂಡತಿ ರತ್ನ ಮೊಳಕಾಲ್ಮೂರಿನವಳು. ತವರಿನಲ್ಲಿ ಆಡುವುದು ತೆಲುಗು, ಓದಿದ್ದು ಕನ್ನಡ. ಎರಡರಲ್ಲೂ ಅವಳ ನಾಲಿಗೆ ಜಾರಿದ್ದನ್ನು ನಾನು ಕಂಡಿರಲಿಲ್ಲ. ಪ್ರೂಫ್ ನೋಡುವಾಗ ಅವಳು ಮೂಲವನ್ನು ಗಟ್ಟಿಯಾಗಿ ಓದಬೇಕು, ನಾನು ಅಚ್ಚಿನ ಮೇಲೆ ಕಣ್ಣಾಡಿಸಬೇಕು. ‘ಫಲತಾಂಬೂಲ ಸ್ವೀಕರಿಸಿ’ ಎಂದು ಅವಳು ಓದಿದರೆ ಫಕಾರದ ಗಾಳಿ ಮೇಜಿನ ಈಚೆಗೆ ನನ್ನ ಕೆನ್ನೆಗೆ ತಾಕುತ್ತಿತ್ತು. ಆದರೆ ‘ಫಾಲ್ಗುಣ ಮಾಸ’ ಬಂದಾಗ ಮಾತ್ರ ಒಮ್ಮೆ ಕೆಮ್ಮಿ, ಕಾಗದವನ್ನು ನನ್ನ ಮುಖದ ಮುಂದೆ ಹಿಡಿದು, “ನೀವೇ ಓದ್ಕಳ್ರಿ” ಎನ್ನುತ್ತಿದ್ದಳು.

ಗಂಡನ ಹೆಸರು ಹೇಳಬಾರದೆಂಬುದು ನಮ್ಮ ಕಡೆಯ ಪದ್ಧತಿ. ಮದುವೆಯಾಗಿ ಮನೆ ತುಂಬಿಸಿಕೊಳ್ಳುವ ದಿನ ಒಂದೇ ಸಲ ವಿನಾಯಿತಿ. ಅವತ್ತು ನನ್ನ ಅಕ್ಕ ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದಳು. ರತ್ನ ಹೇಳಿದಳಂತೆ. ಸರಿಯಾಗಿ ಅದೇ ಗಳಿಗೆಗೆ ವಾಲಗದವರಿಗೆ ಎಲ್ಲಿಲ್ಲದ ಹುಮ್ಮಸ್ಸು ಬಂದಿತ್ತು. ಪಕ್ಕದಲ್ಲೇ ನಿಂತ ನನಗೆ ಅವಳ ತುಟಿ ಅಲುಗಿದ್ದಷ್ಟೇ ಕಂಡಿತು. ಆಮೇಲೆ ಅಕ್ಕನನ್ನು ಕೇಳಿದೆ, ಫಕಾರ ಹೇಗಿತ್ತು ಎಂದು. “ಹೆಸ್ರು ಹೇಳಿದ್ಳು ಅಂದೆನಲ್ಲ, ಇನ್ನೇನು ಬೇಕೋ ನಿನಗೆ?” ಎಂದಳು.

ಏನು ಬೇಕಿತ್ತೋ ನನಗೂ ಹೇಳಲು ಬರುತ್ತಿರಲಿಲ್ಲ. ರತ್ನಳ ಲೆಕ್ಕದಲ್ಲಿ ನಾನು ‘ಇವರು’, ‘ನಮ್ಮನೆಯವರು’, ‘ಏನ್ರಿ’. ಮತದಾರರ ಪಟ್ಟಿಯವರು ಬಂದು ಯಜಮಾನರ ಹೆಸರೇನಮ್ಮ ಎಂದರೆ, “ಬಾಗ್ಲ ಮ್ಯಾಗೆ ಬೋರ್ಡಾಗೈತೆ, ನೋಡ್ಕಳ್ರಿ” ಎನ್ನುವಳು. ಸಂತೆಯಲ್ಲಿ ಪಾಲಕ್ ಸೊಪ್ಪು ಕೊಳ್ಳುವಾಗಲೂ ಬೆರಳು ತೋರಿಸಿ, “ಆ ಅಗಲೆಲೆ ಸೊಪ್ಪು ಕೊಡಪ್ಪ” ಎನ್ನುವಳು. ಸೊಪ್ಪಿಗೂ ನನಗೂ ಒಂದೇ ಮರ್ಯಾದೆ ಸಿಕ್ಕಿದ್ದಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಒಮ್ಮೆ ಮೊಳಕಾಲ್ಮೂರಿಗೆ ಹೋಗಿದ್ದಾಗ, ರತ್ನ ತವರಿನವರ ಜೊತೆ ತೆಲುಗು ಮಾತಾಡುತ್ತಾ ನಡುವೆ ‘ಹಾಲು’ ಎಂದಳು. ಅವಳ ತಂಗಿಯರು ಬಿದ್ದು ಬಿದ್ದು ನಕ್ಕರು. ಚಳ್ಳಕೆರೆಗೆ ಹೋಗಿ ಅಕ್ಕನ ತೆಲುಗು ಕೆಟ್ಟಿತು, ಹಾಲಿಗೆ ಏನನ್ನಬೇಕೆಂಬುದೇ ಮರೆತಿದ್ದಾಳೆ ಎಂದು ಆಡಿಕೊಂಡರು. ನನಗೂ ಸೋಜಿಗವಾಯಿತು, ಅವಳು ಭಾಷೆಯಲ್ಲಿ ತಪ್ಪುವವಳಲ್ಲ. ಅತ್ತೆ ನನ್ನ ಮುಂದೆ ಲೋಟ ಇಡುತ್ತಾ ಸಣ್ಣ ದನಿಯಲ್ಲಿ, “ತೆಲುಗಿನಾಗೆ ಹಾಲಿಗೆ ಪಾಲು ಅಂತೀವಲ್ರಿ ಅಳಿಯಂದ್ರೆ. ಹಂಗಂದ್ರೆ ನಿಮ್ಮೆಸ್ರು ಅರ್ಧ ಬಂದಂಗಾಗ್ತೈತಂತೆ. ಮದ್ವೆ ಆದಾಗಿಂದ ಆ ಮಾತೇ ಬಿಟ್ಟವ್ಳೆ” ಎಂದರು. ಅದು ಪಾ, ನನ್ನದು ಫಾ, ಅಡ್ಡಿಯಿಲ್ಲ ಎಂದು ತಿದ್ದಲು ಬಾಯಿ ತೆರೆದೆ. ತೆರೆದ ಬಾಯಿಗೆ ಹಾಲು ಸುರಿದುಕೊಂಡೆ.

ಅಂದಿನಿಂದ ಆಸೆ ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು. ಹುಟ್ಟಿದಾಗಿನ ಮಾತನ್ನೇ ನನಗಾಗಿ ಬಿಟ್ಟವಳ ಬಾಯಲ್ಲಿ ಒಂದೇ ಒಂದು ಸಲ ನನ್ನ ಹೆಸರು ಕೇಳಬೇಕು. ಅಡುಗೆಮನೆಯಲ್ಲಿ ಅವಳೊಬ್ಬಳೇ ಇದ್ದಾಗ ಎಂದಾದರೂ ಅಂದುಕೊಳ್ಳಬಹುದೆಂದು ಬಾಗಿಲ ಮರೆಯಲ್ಲಿ ನಿಂತದ್ದೂ ಉಂಟು. “ಅಲ್ಲೇನ್ರಿ ಮಾಡ್ತೀರಾ, ಆ ಡಬ್ಬಿ ಕೊಡ್ರಿ” ಎಂದು ಕೆಲಸ ಹಚ್ಚಿದಳು. ನಗಬೇಡಿ, ಇದು ಹೊಟ್ಟೆಗಿಲ್ಲದ ಕೊರಗಲ್ಲ ನಿಜ, ಆದರೂ ಕೊರಗೇ.

ಅಂಥದ್ದರಲ್ಲಿ ಒಂದು ಬೇಸಿಗೆ, ಮತ್ತೆ ಮೊಳಕಾಲ್ಮೂರಿಗೆ ಹೊರಟಿದ್ದೆವು. ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸು ಹತ್ತಿ, ರತ್ನಳಿಗೆ ಕಿಟಕಿ ಪಕ್ಕ ಸೀಟು ಹಿಡಿದುಕೊಟ್ಟು, ಬಾಳೆಹಣ್ಣು ತರುತ್ತೇನೆಂದು ಇಳಿದೆ. ಹಣ್ಣೇನೋ ಕೊಂಡೆ. ಅಷ್ಟರಲ್ಲಿ ಪಕ್ಕದ ಹೋಟೆಲಿನ ಗೋಡೆಗೆ ಪೇಂಟರ್ ಒಬ್ಬ ‘ಸುಚಿ ರುಚಿಯಾದ ಊಟ’ ಎಂದು ಬರೆಯುತ್ತಿದ್ದುದು ಕಣ್ಣಿಗೆ ಬಿತ್ತು. ಬಣ್ಣ ಇನ್ನೂ ಹಸಿಯಾಗಿತ್ತು. ಬಿಟ್ಟು ಬರಲು ನನ್ನಿಂದಾಗುತ್ತದೆಯೇ? ಅದು ಶುಚಿ ಎಂದೆ. “ಊಟ ಉಂಡರೆ ಎಲ್ಲಾ ಒಂದೇ ಬಿಡ್ರಿ” ಎಂದ. ನಾನು ಸಕಾರ ಶಕಾರಗಳನ್ನು ಬಾಯಿ ಬಿಟ್ಟು ತೋರಿಸತೊಡಗಿದೆ.

ಆಗ ಕೇಳಿಸಿತು. “ಫಾಲಾಕ್ಷಾ...”

ಹೆಣ್ಣುದನಿ. ಬಸ್ಸುಗಳ ಹಾರನ್ನು, ಏಜೆಂಟರ ಕೂಗಾಟ ಎಲ್ಲವನ್ನೂ ದಾಟಿ ಬಂತು. ತುಟಿ ಸೇರಿ ಬಿಚ್ಚಿದ್ದು, ಉಸಿರು ಚಿಮ್ಮಿದ್ದು, ಕೊನೆಯ ಕ್ಷ, ಎಲ್ಲ ಎಲ್ಲೆಲ್ಲಿರಬೇಕೋ ಅಲ್ಲಲ್ಲೇ ಇದ್ದವು. ಯಾವನೋ ನನ್ನ ಹೆಸರಿನವನಿಗೆ ಇಂಥ ಹೆಂಡತಿಯನ್ನು ದೇವರು ಕೊಟ್ಟಿದ್ದಾನಲ್ಲ ಎಂದು ಹೊಟ್ಟೆ ಉರಿಯಿತು. ಇನ್ನೊಮ್ಮೆ ಕೂಗಿದಳು. ನಾನು ಪೇಂಟರ್‌ಗೆ, “ಕೇಳಿದ್ಯೇನಪ್ಪ? ಹೆಸರು ಹಿಡಿದು ಕರೆಯೋದು ಅಂದ್ರೆ ಹಂಗಿರ್ಬೇಕು” ಎಂದು ಪಾಠ ಮುಂದುವರಿಸಿದೆ.

ಬಾಳೆಹಣ್ಣಿನ ಅಮ್ಮ ಬುಟ್ಟಿಯ ಹಿಂದಿನಿಂದ, “ಅಯ್ಯೋ ಸ್ವಾಮಿ, ನಿಮ್ ಮನೆಯವ್ರೇ ಅಲ್ವೇನ್ರಿ ಕೂಗ್ತಿರೋದು? ಕಿಟಕಿಯಾಗೆ ಅರ್ಧ ಮೈ ಹೊರಗೆ ಹಾಕವ್ರೆ” ಎಂದಳು. ತಿರುಗಿದೆ. ಬಸ್ಸು ಸ್ಟ್ಯಾಂಡಿನ ಗೇಟು ದಾಟುತ್ತಿತ್ತು. ಕಿಟಕಿಯಲ್ಲಿ ಒಂದು ಕೈ ಮಾತ್ರ ಕಂಡಿತು, ಹಸಿರು ಬಳೆ ತೊಟ್ಟ ಕೈ. ಓಡಿದೆ, ಚಪ್ಪಲಿ ಕಿತ್ತುಹೋಯಿತು, ಟೈಮಿನ ಪೈಪೋಟಿಗೆ ಬಿದ್ದ ಬಸ್ಸು ನಿಲ್ಲಲಿಲ್ಲ.

ಮುಂದಿನ ಬಸ್ಸಿನಲ್ಲಿ ಮೊಳಕಾಲ್ಮೂರು ಮುಟ್ಟುವವರೆಗೆ ನನಗೆ ಒಂದೇ ಯೋಚನೆ. ನನ್ನ ಹೆಂಡತಿ ಗಟ್ಟಿಯಾಗಿ ಕೂಗಿದರೆ ಅವಳ ದನಿ ಹೇಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ವರ್ಷಗಟ್ಟಲೆ ಆ ಒಂದು ಅಕ್ಷರಕ್ಕೆ ಕಿವಿ ತೆರೆದಿಟ್ಟವನು ದನಿಯನ್ನೇ ಕೇಳಿಸಿಕೊಂಡಿರಲಿಲ್ಲ.

ಅವಳು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಒಂದೇ ಕಾಲಿನ ಚಪ್ಪಲಿಯಲ್ಲಿ ಹೋಗಿ ಹಣ್ಣು ಮುಂದೆ ಹಿಡಿದೆ. ಅವಳು ತಗೊಳ್ಳಲಿಲ್ಲ.

“ಇನ್ನೊಂದ್ಸಲ ಅನ್ನು” ಎಂದೆ.

“ಏನನ್ಲಿ?”

“ಅಲ್ಲಿ ಕೂಗಿದ್ಯಲ್ಲ, ಅದು.”

ಅವಳು ಸೆರಗು ಸರಿಮಾಡಿಕೊಂಡು ಎದ್ದಳು. ಕಣ್ಣು ಕೆಂಪಗಿತ್ತು. “ನಾನ್ಯಾಕ್ರಿ ಕೂಗ್ಲಿ? ಯಾರೋ ಬೇರೆಯವ್ರು ಅವರ ಗಂಡನ್ನ ಕೂಗಿರ್ಬೇಕು. ಅವನಾದ್ರೂ ತಿರುಗಿ ನೋಡಿದ್ನಾ?”

ಆಮೇಲೆ ಅವಳು ಕೂಗಲಿಲ್ಲ. ಪ್ರೆಸ್ಸಿಗೆ ಕಂಪ್ಯೂಟರ್ ಬಂತು, ಅವಳು ಓದಿ ಹೇಳುವ ಕೆಲಸವೂ ನಿಂತಿತು. ನಾನು ಮಾತ್ರ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಬೀದಿಯಲ್ಲಿ ಯಾರು ಯಾರನ್ನು ಕರೆದರೂ ತಿರುಗಿಬಿಡುತ್ತೇನೆ. ಮೊನ್ನೆ ಒಬ್ಬಾಕೆ ಆಟೋದಿಂದ ತಲೆ ಹೊರಗೆ ಹಾಕಿ, “ಈರಬದ್ರಾ” ಎಂದು ಕೂಗುತ್ತಿದ್ದಳು. ಆ ವೀರಭದ್ರ ಕೇಳಿಸದವನಂತೆ ತನ್ನ ಪಾಡಿಗೆ ಹೋಗುತ್ತಿದ್ದ. ನಾನೇ ಓಡಿಹೋಗಿ ಅವನ ತೋಳು ಹಿಡಿದು ನಿಲ್ಲಿಸಿದೆ. “ಏನ್ರಿ?” ಎಂದು ಸಿಡುಕಿದ. “ಕರೀತಾ ಅವ್ರೆ, ಹೋಗ್ರಿ” ಎಂದೆ. ಅವನು ಹೋಗಿ ಆಟೋ ಹತ್ತುವವರೆಗೂ ನಾನು ಅಲ್ಲೇ ನಿಂತಿದ್ದೆ.